ಲಾ ಫರ್ಮಿಗೂ ಒಂದು ಉತಾರ ಇರುತ್ತದೆ: ಹುಬ್ಬಳ್ಳಿ-ಧಾರವಾಡದಿಂದ ಅರ್ಜಿ ಹಾಕುವವರಿಗೆ

ಎರಡು ಗುಂಟೆ ಜಾಗ ಕೊಳ್ಳುವಾಗಲೂ ಉತಾರ (ಪಹಣಿ), ಡೈರಿ (ಹಕ್ಕು ಬದಲಾವಣೆಯ ನಮೂದು), ವಂಶಾವಳಿ ನೋಡದೆ ನಮ್ಮ ಕಡೆ ಯಾರೂ ಸಂಚಕಾರ ಕೊಡುವುದಿಲ್ಲ. ಅದೇ ಕಾರ್ಪೊರೇಟ್ ಲಾ ಫರ್ಮಿಗೆ ಇಂಟರ್ನ್‌ಶಿಪ್ ಕೇಳುವಾಗ ಮಾತ್ರ 'ನಿಮ್ಮ ಪ್ರತಿಷ್ಠಿತ ಸಂಸ್ಥೆಯಲ್ಲಿ' ಅಂತ ಒಂದೇ ಪತ್ರ ಬರೆದು ಮೂವತ್ತು ಕಡೆ ಕಳಿಸಿಬಿಡುತ್ತಾರೆ. ಆ ಪತ್ರ ಓದುವವರಿಗೆ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ, ಇವರಿಗೆ ನಾವು ಯಾರು ಅನ್ನುವುದೇ ಗೊತ್ತಿಲ್ಲ ಅಂತ. ಫರ್ಮಿನ ಇತಿಹಾಸ ಓದಬೇಕಾದ್ದು ಹೊಗಳುವುದಕ್ಕಲ್ಲ. ನಿರ್ಧಾರ ಮಾಡುವವರು ಯಾರು, ಯಾವ ಊರಿನ ಕಚೇರಿಯ ಕೈ ಮೇಲಿದೆ, ಯಾವ ಕೆಲಸದಿಂದ ಫರ್ಮ್ ಬೆಳೆದಿದೆ ಎಂಬುದು ಅದರಲ್ಲೇ ಸಿಗುತ್ತದೆ.

ಮೊದಲು ನೋಡಬೇಕಾದ್ದು ವಾಟ್ನಿ, ಅಂದರೆ ಪಾಲಾದದ್ದು. 1917ರಲ್ಲಿ ಶುರುವಾದ ಅಮರ್‌ಚಂದ್ ಮಂಗಲ್‌ದಾಸ್ ಫರ್ಮ್ 2015ರ ಮೇ ತಿಂಗಳಲ್ಲಿ ಶ್ರಾಫ್ ಅಣ್ಣತಮ್ಮಂದಿರ ನಡುವೆ ಎರಡಾಯಿತು: ಮುಂಬೈ ಕೇಂದ್ರದ ಸಿರಿಲ್ ಅಮರ್‌ಚಂದ್ ಮಂಗಲ್‌ದಾಸ್, ದಿಲ್ಲಿ ಕೇಂದ್ರದ ಶಾರ್ದೂಲ್ ಅಮರ್‌ಚಂದ್ ಮಂಗಲ್‌ದಾಸ್. ಇವತ್ತು ಇವು ಒಂದಕ್ಕೊಂದು ನೇರ ಪೈಪೋಟಿ. ಆದರೂ ಬರೀ 'ಅಮರ್‌ಚಂದ್' ಎಂದು ಬರೆದ ಅರ್ಜಿಗಳು, ಒಂದರ ಹೆಸರಿನ ಪತ್ರ ಇನ್ನೊಂದಕ್ಕೆ ಹೋದದ್ದು, ಎರಡೂ ಸಾಮಾನ್ಯ. 2015ಕ್ಕಿಂತ ಹಿಂದಿನ ಯಾವುದೇ ದೊಡ್ಡ ವ್ಯವಹಾರವನ್ನು ಪತ್ರದಲ್ಲಿ ಉಲ್ಲೇಖಿಸುವ ಮುನ್ನ, ಅದನ್ನು ಮಾಡಿದ ತಂಡ ಯಾವ ಪಾಲಿಗೆ ಹೋಯಿತು ಎಂದು ನೋಡಿಕೊಳ್ಳಿ. ಕೂಡಿದ ಫರ್ಮುಗಳಿಗೂ ಇದೇ ಮಾತು. ಎ.ಜಡ್.ಬಿ. ಎಂಬ ಫರ್ಮ್ ಆದದ್ದು 2004ರಲ್ಲಿ, ಮುಂಬೈಯಲ್ಲಿ ಜಿಯಾ ಮೋದಿ ನಡೆಸುತ್ತಿದ್ದ ಸಿ.ಜಡ್.ಬಿ. ಮತ್ತು ದಿಲ್ಲಿಯ ಅಜಯ್ ಬಹಲ್ ಅವರ ಫರ್ಮ್ ಸೇರಿ. ಎರಡು ಊರು, ಎರಡು ಬೇರು. ಅರ್ಜಿ ಯಾವ ಊರಿನ ಕಚೇರಿಗೆ ಎಂದು ಬರೆಯದಿದ್ದರೆ ಅದು ಯಾರ ಮೇಜಿಗೂ ಹೋಗುವುದಿಲ್ಲ.

ಹಳೆಯ ಹೆಸರುಗಳೆಲ್ಲ ಕಲ್ಕತ್ತೆ, ಮುಂಬೈಯವೇ ಏಕೆ? ಕಲ್ಕತ್ತೆಯಲ್ಲಿ ರೆಮ್‌ಫ್ರಿ 1827, ಫಾಕ್ಸ್ ಮಂಡಲ್ 1896, ಖೇತಾನ್ 1911. ಮುಂಬೈಯಲ್ಲಿ ಕ್ರಾಫರ್ಡ್ ಬೇಲಿ 1830, ಲಿಟಲ್ ಅಂಡ್ ಕಂಪನಿ 1856. ಆ ಎರಡು ಊರಿನ ಹೈಕೋರ್ಟುಗಳ ಮೂಲ ವ್ಯಾಪ್ತಿಯ (ನೇರವಾಗಿ ಅಲ್ಲೇ ಹೂಡುವ) ದಾವೆಗಳಲ್ಲಿ ಕಕ್ಷಿದಾರ ನೇರವಾಗಿ ಬ್ಯಾರಿಸ್ಟರ್ ಹತ್ತಿರ ಹೋಗುವಂತಿರಲಿಲ್ಲ. ಕಾಗದಪತ್ರ ಸಿದ್ಧಮಾಡುವವರು ಸಾಲಿಸಿಟರ್, ವಾದಿಸುವವರು ಬೇರೆ. ಕೋರ್ಟಿಗೆ ಹೋಗದೆ ಬರೀ ಕರಾರು, ಸಾಲಪತ್ರ, ಕಂಪನಿ ಕೆಲಸದ ಮೇಲೆ ಬದುಕುವ ವಕೀಲಿ ಹುಟ್ಟಿದ್ದೇ ಅಲ್ಲಿ. ಧಾರವಾಡ 1956ರವರೆಗೆ ಮುಂಬೈ ಆಡಳಿತದಲ್ಲೇ ಇದ್ದರೂ ಇಲ್ಲಿನ ಜಿಲ್ಲಾ ಕೋರ್ಟಿನಲ್ಲಿ ಆ ಪದ್ಧತಿ ಇರಲಿಲ್ಲ; ಒಬ್ಬರೇ ಪ್ಲೀಡರ್ ಕಾಗದವನ್ನೂ ಬರೆದು ವಾದವನ್ನೂ ಮಾಡುತ್ತಿದ್ದರು. ಈ ಎರಡು ಪಂಗಡದ ವ್ಯವಸ್ಥೆ 1976ರ ತಿದ್ದುಪಡಿಯಿಂದ ಕಾನೂನಿನಲ್ಲಿ ಹೋಯಿತು, ಫರ್ಮುಗಳ ಸ್ವಭಾವದಲ್ಲಿ ಉಳಿಯಿತು. ಸಂದರ್ಶನದಲ್ಲಿ 'ನನಗೆ ವಾದ ಮಾಡುವ ಹುಚ್ಚು' ಎಂದರೆ ಇಂಥ ಕಡೆ ಮುಖ ನೋಡಿ ನಗುತ್ತಾರೆ ಅಷ್ಟೇ.

ಇನ್ನೊಂದು ತಾಂತ್ರಿಕ ವಿಷಯ, ಹೆಚ್ಚಿನವರು ದಾಟಿಬಿಡುವಂಥದ್ದು. 1956ರ ಕಂಪನಿ ಕಾಯ್ದೆಯಂತೆ ಒಂದು ಪಾಲುದಾರಿಕೆಯಲ್ಲಿ 20ಕ್ಕಿಂತ ಹೆಚ್ಚು ಪಾಲುದಾರರು ಇರುವಂತಿರಲಿಲ್ಲ. ಹಾಗಾಗಿ ಮನೆತನದವರು ಒಳಗೆ, ಉಳಿದವರು ಹೆಸರಿಗೆ ಪಾರ್ಟ್ನರ್, ಕೈಗೆ ಸಂಬಳ ಎಂಬ ರೂಢಿ ಬೆಳೆಯಿತು. 2008ರ ಎಲ್.ಎಲ್.ಪಿ. (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಕಾಯ್ದೆ ಪಾಲುದಾರರ ಸಂಖ್ಯೆಯ ಆ ಗಂಟು ಬಿಚ್ಚಿತು. ಸಾಮಾನ್ಯ ಪಾಲುದಾರಿಕೆಗೆ ಈಗ ಮಿತಿ 50; ವಕೀಲರಂಥ ವೃತ್ತಿಪರರ ಪಾಲುದಾರಿಕೆಗೆ 2013ರ ಕಂಪನಿ ಕಾಯ್ದೆಯಲ್ಲಿ ಆ ಮಿತಿಯೂ ಇಲ್ಲ. ಆದರೂ ಹಳೆಯ ರೂಢಿ ಪೂರ್ತಿ ಹೋಗಿಲ್ಲ.  'ಪಾರ್ಟ್ನರ್' ಎಂಬ ಪದ ಕಂಡಕೂಡಲೇ ಲಾಭದಲ್ಲಿ ಪಾಲಿದೆ ಎಂದು ತಿಳಿಯಬೇಡಿ.

ವಿದೇಶಿ ಫರ್ಮುಗಳ ಪೈಕಿ ಲಂಡನ್ನಿನ ಫ್ರೆಶ್‌ಫೀಲ್ಡ್ಸ್ 1743ರಿಂದ ಬ್ಯಾಂಕ್ ಆಫ್ ಇಂಗ್ಲೆಂಡಿನ ವಕೀಲರು, ಕ್ರವಾತ್ ನ್ಯೂಯಾರ್ಕಿನಲ್ಲಿ 1819ರಿಂದ ಇದೆ. ತಿಳಿದಿರಲಿ, ಅಷ್ಟು ಸಾಕು. ವಿದೇಶಿ ಫರ್ಮುಗಳು ಭಾರತದ ಕಾನೂನಿನಲ್ಲಿ ವೃತ್ತಿ ನಡೆಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. 2023ರಲ್ಲಿ ವಕೀಲರ ನಿಯಂತ್ರಣ ಸಂಸ್ಥೆ ಬಾರ್ ಕೌನ್ಸಿಲ್ ತಂದ ನಿಯಮಗಳೂ ವಿದೇಶಿ ಕಾನೂನಿನ ಸಲಹೆಗೇ ಸೀಮಿತ.

ಈಗ ಪರಿಶೀಲನೆ. ಬಾರ್ ಕೌನ್ಸಿಲಿನ 36ನೇ ನಿಯಮ ವಕೀಲರಿಗೆ ಜಾಹೀರಾತು ನಿಷೇಧಿಸುತ್ತದೆ. ವೆಬ್‌ಸೈಟಿನಲ್ಲಿ ಹೆಸರು, ವಿಳಾಸ, ಅರ್ಹತೆ, ಕೆಲಸದ ಕ್ಷೇತ್ರದಂಥ ಕೆಲವೇ ವಿವರಕ್ಕೆ ಅವಕಾಶ. ಹೀಗಾಗಿ ಫರ್ಮಿನ ನಿಜವಾದ ಕೆಲಸ ಕಾಣುವುದು ಕಕ್ಷಿದಾರರ ಕಾಗದದಲ್ಲಿ. ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ ವೆಬ್‌ಸೈಟಿನಲ್ಲಿ ಪಬ್ಲಿಕ್ ಇಶ್ಯೂಗಳ, ಅಂದರೆ ಜನರಿಗೆ ಷೇರು ಮಾರುವ ಕಂಪನಿಗಳ, ಪ್ರಾಸ್ಪೆಕ್ಟಸ್ (ವಿವರಪತ್ರ) ಪುಕ್ಕಟೆ ಸಿಗುತ್ತವೆ. ಒಂದನ್ನು ತೆಗೆದು 'ಜನರಲ್ ಇನ್ಫರ್ಮೇಶನ್' ಅಧ್ಯಾಯಕ್ಕೆ ಹೋಗಿ: ಕಂಪನಿಯ ಪರ ಯಾವ ಫರ್ಮ್, ಇಶ್ಯೂ ನಡೆಸುವ ಬ್ಯಾಂಕರುಗಳ ಪರ ಯಾವುದು ಎಂದು ಬೇರೆ ಬೇರೆ ಬರೆದಿರುತ್ತದೆ. ಹುಬ್ಬಳ್ಳಿಯವರು ವಿ.ಆರ್.ಎಲ್. ಲಾಜಿಸ್ಟಿಕ್ಸಿನ 2015ರ ಪ್ರಾಸ್ಪೆಕ್ಟಸಿನಿಂದಲೇ ಶುರು ಮಾಡಬಹುದು. ಕಂಪನಿ ಪರಿಚಯದ್ದು, ಅಪಾಯಗಳ ಪಟ್ಟಿ ಓದಿದರೆ ಅರ್ಥವಾಗುತ್ತದೆ. ಇತ್ತೀಚಿನ ಹತ್ತು ಪ್ರಾಸ್ಪೆಕ್ಟಸ್ ಹೀಗೆ ನೋಡಿ, ಒಂದು ಹಾಳೆಯ ಮೇಲೆ ಕಂಪನಿ, ಫರ್ಮ್, ಯಾರ ಪರ, ಯಾವ ವರ್ಷ ಎಂದು ಬರೆದುಕೊಳ್ಳಿ. ಎರಡು ಸಂಜೆಯ ಕೆಲಸ. ರ‍್ಯಾಂಕಿಂಗ್ ಪಟ್ಟಿಗಳಿಗಿಂತ ಇದು ಗಟ್ಟಿ, ಏಕೆಂದರೆ ಆ ಪಟ್ಟಿಗಳಿಗೆ ಸಾಮಗ್ರಿ ಒದಗಿಸುವವರಲ್ಲಿ ಫರ್ಮುಗಳೇ ಮುಂದು.

ಪತ್ರದಲ್ಲಿ ನಿಮ್ಮ ಬಗ್ಗೆ ಏನು ಬರೆಯುವುದು? ಮೂಟ್ ಕೋರ್ಟ್ (ಅಣಕು ನ್ಯಾಯಾಲಯ) ಪ್ರಶಸ್ತಿ ಎಲ್ಲರ ಹತ್ತಿರವೂ ಇದೆ. ಉತ್ತರ ಕರ್ನಾಟಕದ ಭೂದಾಖಲೆ ಓದಿ ಇಂಗ್ಲಿಷಿನಲ್ಲಿ ಬರೆಯಬಲ್ಲವರು ಕಡಿಮೆ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆ ಕೊಳ್ಳುವವರಿಗೂ, ಗದಗ ಕಡೆ ಗಾಳಿಯಂತ್ರಕ್ಕೆ ಹೊಲ ಲೀಸ್ ಹಿಡಿಯುವವರಿಗೂ ಹಕ್ಕುಪರಿಶೀಲನೆ ವರದಿ ಬೇಕು, ರೂಢಿಯಲ್ಲಿ 30 ವರ್ಷದ್ದು. ಇದನ್ನು ಒಂದು ಸರ್ವೆ ನಂಬರಿನ ಮೇಲೆ ಅಭ್ಯಾಸ ಮಾಡಿ. ಉತಾರದ 9ನೇ ಕಾಲಮಿನಲ್ಲಿ ಕಬ್ಜೆದಾರರು, 10ರಲ್ಲಿ ಹಕ್ಕು ಬಂದ ರೀತಿ, 11ರಲ್ಲಿ ಇತರ ಹಕ್ಕು ಮತ್ತು ಋಣ. ತಪ್ಪು ಹೆಚ್ಚಾಗಿ ಆಗುವುದು 11ರಲ್ಲಿ: ಸೊಸೈಟಿ ಸಾಲದ ಬೋಜಾ (ಹೊರೆ), ಕೋರ್ಟಿನ ತಡೆಯಾಜ್ಞೆ ಅಲ್ಲಿರುತ್ತದೆ, ಇಂಗ್ಲಿಷ್ ಸಾರಾಂಶದಲ್ಲಿ ಬಿಟ್ಟುಹೋಗುತ್ತದೆ. 10ರಲ್ಲಿರುವ ಪ್ರತಿ ಡೈರಿ ನಂಬರನ್ನೂ ತೆಗೆಸಿ. ವಾರಸಾ (ಉತ್ತರಾಧಿಕಾರದ) ಡೈರಿಯಲ್ಲಿ ಗಂಡುಮಕ್ಕಳ ಹೆಸರಷ್ಟೇ ಇದ್ದರೆ ಅಲ್ಲೇ ನಿಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳ ಪಾಲು ಬಿಟ್ಟ ವ್ಯವಹಾರ ದಾವೆಗೆ ಬಾಗಿಲು ತೆರೆದಂತೆ. ಋಣಭಾರ ಪತ್ರವನ್ನೇ ನಂಬಿ ಕೂಡಬೇಡಿ, ಅದರಲ್ಲಿ ನೋಂದಣಿಯಾದದ್ದು ಮಾತ್ರ ಬರುತ್ತದೆ. ಬಾಯಿಮಾತಿನ ವಾಟ್ನಿ ಬರುವುದಿಲ್ಲ. ಹುಬ್ಬಳ್ಳಿ ಶಹರದ ಆಸ್ತಿಯಾದರೆ ಸಿ.ಟಿ.ಎಸ್. (ಸಿಟಿ ಸರ್ವೆ) ನಂಬರ್ ಹಿಡಿದು ಸಿಟಿ ಸರ್ವೆ ಕಚೇರಿಯ ದಾಖಲೆ ನೋಡಬೇಕು. ಹಳೆಯ ಮರಾಠಿ ದಾಖಲೆಗಳ ಮೋಡಿ ಲಿಪಿ ಓದಲು ಬರುತ್ತಿದ್ದರೆ ಅದನ್ನು ಸಿ.ವಿ.ಯ ಮೇಲ್ಭಾಗದಲ್ಲೇ ಬರೆಯಿರಿ, ಸಂಕೋಚ ಬೇಡ.

ಸಿ.ವಿ. ಒಂದೇ ಪುಟ. ಪತ್ರ ಮೂರು ಪ್ಯಾರಾ: ಯಾವ ಕಚೇರಿ, ಯಾವ ತಂಡ, ಯಾವ ದಿನಾಂಕ, ಆ ತಂಡವೇ ಏಕೆ, ನಿಮ್ಮ ಹಾಳೆಯ ಪಟ್ಟಿಯಿಂದ ಒಂದು ಉದಾಹರಣೆ, ನಿಮಗೆ ಬರುವ ಕೆಲಸ. ಫೈಲಿಗೆ 'ಸಿವಿ ಫೈನಲ್ 2' ಎಂಬ ಹೆಸರು ಬೇಡ, ನಿಮ್ಮ ಹೆಸರು ಮತ್ತು ತಿಂಗಳು ಇರಲಿ. ಒಂದೇ ಮೇಲ್‌ನಲ್ಲಿ ಹತ್ತು ಫರ್ಮುಗಳ ವಿಳಾಸ ಕಾಣುವಂತೆ ಕಳಿಸಿದರೆ ಹತ್ತೂ ಹೋದ ಹಾಗೆ. ದೊಡ್ಡ ಫರ್ಮುಗಳಲ್ಲಿ ಜಾಗ ತಿಂಗಳುಗಟ್ಟಲೆ ಮೊದಲೇ ತುಂಬುತ್ತದೆ. ಬೇಸಿಗೆ ರಜೆಗೆ ದಸರಾ ಹೊತ್ತಿಗೇ ಅರ್ಜಿ ಹೋಗಲಿ. ನವನಗರದ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಓದುವವರು ಪರೀಕ್ಷೆ ಮುಂದೆ ಹೋಗಬಹುದು ಎಂದುಕೊಂಡೇ ಎರಡು ಪರ್ಯಾಯ ದಿನಾಂಕ ಕೊಡಬೇಕು. ಒಪ್ಪಿಗೆ ಬಂದ ಮೇಲೆ ದಿನಾಂಕ ಬದಲಿಸಿ ಎಂದರೆ ಆ ಜಾಗ ಇನ್ನೊಬ್ಬರಿಗೆ. ಬಾರ್ ಕೌನ್ಸಿಲ್ ನಿಯಮದಂತೆ ಐದು ವರ್ಷದ ಕೋರ್ಸಿಗೆ ಒಟ್ಟು 20 ವಾರದ ಇಂಟರ್ನ್‌ಶಿಪ್, ಮೂರು ವರ್ಷದ್ದಕ್ಕೆ 12 ವಾರ ಬೇಕು, ಆದರೆ ವರ್ಷದಲ್ಲಿ ಒಂದೇಸಮನೆ 4 ವಾರಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಅದರಲ್ಲಿ ಒಮ್ಮೆಯಾದರೂ ವಿಚಾರಣಾ ಕೋರ್ಟಿನ ಮತ್ತು ಮೇಲ್ಮನವಿ ಕೋರ್ಟಿನ ವಕೀಲರ ಹತ್ತಿರ ಇರಬೇಕು. ಧಾರವಾಡದಲ್ಲಿ ಹೈಕೋರ್ಟ್ ಪೀಠವೇ ಇರುವುದರಿಂದ ಅದನ್ನು ಮೊದಲ ಎರಡು ವರ್ಷದಲ್ಲೇ ಮುಗಿಸಿ. ಕಾಲೇಜಿನ ಪರಿಚಯ ಪತ್ರ ಮೊದಲೇ ಮಾಡಿಸಿಡಿ, ಕೊನೇ ವಾರ ಪ್ರಾಚಾರ್ಯರು ಸಿಗದೆ ಹೋಗುವುದುಂಟು.

ಸೇರಿದ ಮೊದಲ ದಿನ ಗೌಪ್ಯತೆಯ ಕಾಗದಕ್ಕೆ ಸಹಿ ಹಾಕಿಸುತ್ತಾರೆ. ಓದಿ ಹಾಕಿ. ಲಿಸ್ಟ್ ಆದ ಕಂಪನಿಯ ಕಡತ ಕೈಗೆ ಬಂದರೆ ಅದರ ಷೇರನ್ನು ನಿಮ್ಮ ಹೆಸರಿನಲ್ಲಾಗಲಿ ಮನೆಯವರ ಹೆಸರಿನಲ್ಲಾಗಲಿ ಮುಟ್ಟುವಂತಿಲ್ಲ. ಸೆಬಿಯ 2015ರ ಒಳಮಾಹಿತಿ ನಿಯಮಗಳು ಇಂಟರ್ನ್ ಎಂದು ವಿನಾಯಿತಿ ಕೊಡುವುದಿಲ್ಲ. ಮುಗಿದ ಮೇಲೆ ಸಿ.ವಿ.ಯಲ್ಲಿ ಬರೆಯುವಾಗಲೂ ಕಕ್ಷಿದಾರರ ಹೆಸರು ಬೇಡ. 'ಸಿಮೆಂಟ್ ಕಂಪನಿಯೊಂದರ ಜಮೀನು ಖರೀದಿ, 14 ಸರ್ವೆ ನಂಬರುಗಳ ಹಕ್ಕುಪರಿಶೀಲನೆ' ಎಂಬಷ್ಟು ಬರೆದರೆ ಮುಂದಿನ ಫರ್ಮಿನವರಿಗೆ ಕೆಲಸವೂ ತಿಳಿಯುತ್ತದೆ, ಬಾಯಿ ಭದ್ರ ಇದೆ ಎಂಬುದೂ ತಿಳಿಯುತ್ತದೆ.