ಹಳೆಯ ಹಾಟ್ ಹ್ಯಾಚ್ ಮೇಲೆ ದುಡ್ಡು ಹಾಕುವ ಮೊದಲು

ಟಿಂಕರಿಂಗ್ ಕೆಲಸ ನನ್ನ ಹೊಟ್ಟೆಪಾಡು. ಅದರಲ್ಲೂ ಎಂಬತ್ತು, ತೊಂಬತ್ತರ ದಶಕದ ಸಣ್ಣ ಸ್ಪೀಡ್ ಕಾರುಗಳು, ಅಂದರೆ ಹಾಟ್ ಹ್ಯಾಚ್‌ಗಳು, ನನಗೆ ಪ್ರಾಣ. ಹಾಗಾಗಿ ಇಂಥ ಕಾರು ಕೊಳ್ಳಲು ಹೊರಟವರು ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಮೊದಲೆಲ್ಲ "ಚೆನ್ನಾಗಿ ಓಡುತ್ತಾ?" ಅಂತ ಕೇಳುತ್ತಿದ್ದರು. ಈಗ ಕೇಳುವುದು ಇನ್ನೊಂದೇ: "ತಗೊಂಡು ಹತ್ತು ವರ್ಷ ಇಟ್ಟರೆ ಒಳ್ಳೆ ರೇಟಿಗೆ ಹೋಗುತ್ತಾ?"

ಕೆಲವು ಹೋಗುತ್ತವೆ. ಆದರೆ ರೇಟು ಏರುವುದು ಬೇರೆ, ನಿಮ್ಮ ಕೈಗೆ ಲಾಭ ಸೇರುವುದು ಬೇರೆ. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು. ಕೊಳೆತ ಬಾಡಿ, ಕಳೆದುಹೋದ ಒರಿಜಿನಲ್ ಸೀಟು, ಇಲ್ಲದ ಸರ್ವಿಸ್ ಬುಕ್ ಇವನ್ನು ವಾಪಸ್ ತರುವುದು ಮಹಾ ಕಷ್ಟ. ಹಳೆಯ ಹಾಟ್ ಹ್ಯಾಚ್‌ನ ಬೆಲೆ ಇರುವುದು ಅಲ್ಲೇ. ಇದನ್ನು ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಮೊದಲು ಪೆನ್ನು, ಪೇಪರು

ಕಾರು ನೋಡಲು ಹೋಗುವ ಮುಂಚೆ ಒಂದು ಲೆಕ್ಕ ಹಾಕಿ. ಕಾರಿನ ಬೆಲೆ 100 ಅಂದುಕೊಳ್ಳಿ. ಇನ್ಶೂರೆನ್ಸ್, ನಿಲ್ಲಿಸುವ ಜಾಗದ ಬಾಡಿಗೆ, ಆಯಿಲ್, ಟೈರು, ಟೈಮಿಂಗ್ ಬೆಲ್ಟ್, ಆಗಾಗ ಬರುವ ವೆಲ್ಡಿಂಗ್ ಕೆಲಸ ಎಲ್ಲ ಸೇರಿ ವರ್ಷಕ್ಕೆ 7 ಖರ್ಚಾಗುತ್ತದೆ ಅಂತಿಟ್ಟುಕೊಳ್ಳೋಣ. ಹತ್ತು ವರ್ಷಕ್ಕೆ 70. ಅಂದರೆ ಕಾರು 150ಕ್ಕೆ ಮಾರಾಟವಾದರೂ ನಿಮಗೆ 20 ನಷ್ಟ. ಅದೇ 100 ಅನ್ನು ಶೇ. 5ರ ಚಕ್ರಬಡ್ಡಿಗೆ ಹಾಕಿದ್ದರೆ ಹತ್ತು ವರ್ಷದಲ್ಲಿ ಸುಮಾರು 163 ಆಗಿರುತ್ತಿತ್ತು. ಆ ಲಾಭವನ್ನೂ ಬಿಟ್ಟುಕೊಟ್ಟಿದ್ದೀರಿ ತಾನೆ? ಅದನ್ನು ಸೇರಿಸಿದರೆ ಕಾರು 233 ಮುಟ್ಟಿದಾಗಷ್ಟೇ ನೀವು ಬ್ಯಾಂಕಿನ ಸಮಕ್ಕೆ ಬಂದಂತೆ.

ನಿಮ್ಮ ಅಂಕಿ ಬೇರೆ ಇರಬಹುದು. ಸ್ವಂತ ಗ್ಯಾರೇಜು ಇದ್ದು, ಸಣ್ಣಪುಟ್ಟ ಕೆಲಸ ಕೈಯಾರೆ ಮಾಡಿಕೊಳ್ಳುವವರಿಗೆ 7ರ ಬದಲು 3 ಆಗಬಹುದು. ಬಾಡಿಗೆ ಶೆಡ್‌ನಲ್ಲಿ ನಿಲ್ಲಿಸಿ ಎಲ್ಲದಕ್ಕೂ ಮೆಕ್ಯಾನಿಕ್‌ನನ್ನು ಕರೆಯುವವರಿಗೆ 12 ಆಗಬಹುದು. "ನನ್ನ ಕಾರು ಡಬಲ್ ಆಯ್ತು" ಅನ್ನುವವರು ಈ ಖರ್ಚನ್ನು ಸಾಮಾನ್ಯವಾಗಿ ಲೆಕ್ಕಕ್ಕೇ ತಗೊಂಡಿರುವುದಿಲ್ಲ. ಆ ಮಾತು ನಂಬಿ ಸಾಲ ಮಾಡಿ ಕಾರು ಕೊಳ್ಳಬೇಡಿ. ಸಾಲದ ಬಡ್ಡಿಯನ್ನೂ ಮೀರಿ ಬೆಲೆ ಏರುವ ಹ್ಯಾಚ್‌ಬ್ಯಾಕ್ ಸಿಗುವುದು ಅಪರೂಪ.

ಯಾವುದರ ರೇಟು ಏಕೆ ಏರುತ್ತದೆ

ಬೆಲೆ ಏರಿಸುವುದು ಹೆಚ್ಚಾಗಿ ಹರೆಯದ ಆಸೆ. ಹದಿನಾರನೇ ವಯಸ್ಸಿನಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಿಕೊಂಡಿದ್ದ ಹುಡುಗ ಹುಡುಗಿಯರ ಕೈಗೆ ನಲವತ್ತು, ಐವತ್ತರಲ್ಲಿ ದುಡ್ಡು ಬರುತ್ತದೆ. ಆಗ ಅವರು ಆ ಕಾರನ್ನೇ ಹುಡುಕುತ್ತಾರೆ. ಅಷ್ಟು ಹೊತ್ತಿಗೆ ಬಹಳಷ್ಟು ಕಾರು ಗುಜರಿ ಸೇರಿರುತ್ತವೆ, ಇಲ್ಲವೇ ಗುದ್ದಿ ಹಾಳಾಗಿರುತ್ತವೆ. ಹಾಟ್ ಹ್ಯಾಚ್‌ಗಳನ್ನು ಯಾರೂ ಜೋಪಾನ ಮಾಡಲಿಲ್ಲ. ಹೊಡೆಯುವುದಕ್ಕೇ ಕೊಂಡರು, ಹೊಡೆದರು.

ಸಂಖ್ಯೆ ಕಡಿಮೆ ಅನ್ನುವುದೊಂದನ್ನೇ ನೋಡಬೇಡಿ. ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ 1976ರಲ್ಲಿ ಮಾರಾಟಕ್ಕೆ ಬಂದಾಗ ಕಂಪನಿಯ ಅಂದಾಜು 5,000 ಕಾರು. ಮೊದಲ ತಲೆಮಾರಿನವೇ 4.5 ಲಕ್ಷಕ್ಕಿಂತ ಜಾಸ್ತಿ ತಯಾರಾದವು. ಆದರೂ ಒಳ್ಳೆಯ ಸ್ಥಿತಿಯಲ್ಲಿರುವ ಮಾರ್ಕ್ 1ಗೆ (ಆ ಮೊದಲ ತಲೆಮಾರಿಗೆ ಇರುವ ಹೆಸರು) ಇವತ್ತಿಗೂ ಒಳ್ಳೆಯ ಬೆಲೆ ಇದೆ. ಇಂಥ ಕಾರಿಗೆ ದಾರಿ ಹಾಕಿಕೊಟ್ಟವುಗಳಲ್ಲಿ ಅದು ಮುಂಚೂಣಿಯದು, ಮತ್ತು ಅದರಲ್ಲಿ ಕೆಡದೆ ಉಳಿದವು ಕಡಿಮೆ.

ಇನ್ನೊಂದು ಕಡೆ ರೆನೊ ಕ್ಲಿಯೋ ವಿಲಿಯಮ್ಸ್ ನೋಡಿ. 1993ರಲ್ಲಿ ನೀಲಿ ಬಣ್ಣ, ಚಿನ್ನದ ಬಣ್ಣದ ಚಕ್ರ, ನಂಬರ್ ಹಾಕಿದ ಫಲಕದೊಂದಿಗೆ ಸೀಮಿತ ಸಂಖ್ಯೆಯ ಕಾರು ಅಂತ ಬಂತು. ಜನ ಮುಗಿಬಿದ್ದು ಕೊಂಡರು. ಆಮೇಲೆ ಕಂಪನಿ ಎರಡನೇ ಸರಣಿ ತಂದಿತು, ಮೂರನೆಯದನ್ನೂ ತಂದಿತು. ಮೊದಲು ಕೊಂಡವರಿಗೆ ಸಿಟ್ಟು ಬಂದಿದ್ದು ಸಹಜವೇ. ಇವತ್ತು ಫಲಕ ಇರುವ ಮೊದಲ ಸರಣಿಗೇ ಸಂಗ್ರಹಕಾರರಲ್ಲಿ ಹೆಚ್ಚು ಬೇಡಿಕೆ. ಹಾಗಾಗಿ "ಲಿಮಿಟೆಡ್ ಎಡಿಷನ್" ಅನ್ನುವ ಸ್ಟಿಕರ್ ನೋಡಿ ಕರಗಬೇಡಿ. ಆ ಮಿತಿ ಎಷ್ಟು, ಅದು ಕೊನೆತನಕ ಉಳಿಯಿತಾ ಅಂತ ಓದಿ ತಿಳಿದುಕೊಳ್ಳಿ.

ನನ್ನ ಪ್ರಕಾರ ಗಟ್ಟಿ ಆಧಾರ ಇರುವುದು ರ‍್ಯಾಲಿಗಾಗಿ ಹುಟ್ಟಿದ ಕಾರುಗಳಿಗೆ. ಲ್ಯಾನ್ಸಿಯಾ ಡೆಲ್ಟಾ 1987ರಿಂದ 1992ರವರೆಗೆ ಸತತ ಆರು ವರ್ಷ ವಿಶ್ವ ರ‍್ಯಾಲಿಯ ತಯಾರಕರ ಪ್ರಶಸ್ತಿ ಗೆದ್ದಿತು. ಫೋರ್ಡ್ ಎಸ್ಕಾರ್ಟ್ ಆರ್‌ಎಸ್ ಕಾಸ್ವರ್ತ್‌ನ ಮೊದಲ 2,500 ಕಾರುಗಳು ತಯಾರಾದದ್ದೇ ರ‍್ಯಾಲಿ ನಿಯಮ ಪೂರೈಸುವುದಕ್ಕೆ: ಸ್ಪರ್ಧೆಗೆ ಇಳಿಯಬೇಕಾದರೆ ಅದೇ ಮಾದರಿಯ ಇಷ್ಟು ಕಾರು ತಯಾರಿಸಲೇಬೇಕಿತ್ತು. ಈ ಕಥೆಯನ್ನು ಇನ್ನೊಂದು ಕಂಪನಿ ನಕಲು ಮಾಡುವ ಹಾಗಿಲ್ಲ. ಆದರೆ ಇವು ಈಗಾಗಲೇ ದುಬಾರಿ, ಬಿಡಿಭಾಗವೂ ದುಬಾರಿ. ಏರುವ ಜಾಗ ಎಷ್ಟು ಉಳಿದಿದೆ ಅನ್ನುವುದನ್ನು ನೀವೇ ಯೋಚಿಸಬೇಕು.

ಕಾನೂನೂ ಬೆಲೆ ಏರಿಸುತ್ತದೆ. 1997ರ ಹೋಂಡಾ ಸಿವಿಕ್ ಟೈಪ್ ಆರ್, ಅಂದರೆ ಇಕೆ9, ಜಪಾನ್ ಮಾರುಕಟ್ಟೆಗೆ ಮಾತ್ರ ಬಂದ ಕಾರು. 1.6 ಲೀಟರ್ ಎಂಜಿನ್, ಟರ್ಬೊ ಇಲ್ಲ, 8,200 ಆರ್‌ಪಿಎಂನಲ್ಲಿ 185 ಅಶ್ವಶಕ್ತಿ. ಅಮೆರಿಕದಲ್ಲಿ 25 ವರ್ಷ ದಾಟಿದ ಕಾರುಗಳಿಗೆ ಅಲ್ಲಿನ ಸುರಕ್ಷತಾ ಮಾನದಂಡದಿಂದ ವಿನಾಯಿತಿ ಇದೆ. ಹಾಗಾಗಿ 2022ರಿಂದ ಇಕೆ9 ಅಲ್ಲಿಗೆ ಹೋಗಲು ಶುರುವಾಯಿತು. ಹೊಸದೊಂದು ದೇಶದ ಗಿರಾಕಿಗಳು ಬಂದರೆ ರೇಟು ಏನಾಗುತ್ತದೆ ಹೇಳಿ! ಇದಕ್ಕೆ ಉಲ್ಟಾ ಕೂಡ ಇದೆ. ಲಂಡನ್‌ನಂಥ ನಗರಗಳಲ್ಲಿ ಹೊಗೆಯ ಮಾನದಂಡ ಮುಟ್ಟದ ಹಳೆಯ ಕಾರು ಓಡಿಸಿದರೆ ದಿನದ ಶುಲ್ಕ ಕಟ್ಟಬೇಕು. ನೀವಿರುವ ಕಡೆ ಹಳೆಯ ಕಾರಿಗೆ ಯಾವ ನಿಯಮ ಇದೆ, ಎಷ್ಟು ವರ್ಷ ದಾಟಿದರೆ ವಿನಾಯಿತಿ ಇದೆ ಅನ್ನುವುದನ್ನು ಕೊಳ್ಳುವ ಮುಂಚೆಯೇ ವಿಚಾರಿಸಿ.

ಬಾಡಿ ನೋಡುವ ಬಗೆ

ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ದುಡ್ಡು ಮುಳುಗುವುದೇ ಇಲ್ಲಿ.

ಹಗಲು ಬೆಳಕಿನಲ್ಲೇ ಹೋಗಿ. ಮಳೆ ಬಂದಾಗ, ಕಾರು ಈಗಷ್ಟೇ ತೊಳೆದು ಒದ್ದೆ ಇದ್ದಾಗ ನೋಡಬೇಡಿ. ಒದ್ದೆ ಪೇಂಟು ಎಲ್ಲವನ್ನೂ ಮುಚ್ಚುತ್ತದೆ. ಒಂದು ಮೂಲೆಯಲ್ಲಿ ಕೂತು ಕಣ್ಣನ್ನು ಬಾಗಿಲ ಮಟ್ಟಕ್ಕೆ ತಂದು ಉದ್ದಕ್ಕೂ ನೋಡಿ. ಪ್ರತಿಬಿಂಬ ಸೊಟ್ಟಗಾಗಿದ್ದರೆ ಅಲ್ಲಿ ಪುಟ್ಟಿ ಇದೆ. ಪೇಂಟ್ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಒಯ್ಯಿರಿ. ಫ್ಯಾಕ್ಟರಿ ಪೇಂಟು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು ಇರುತ್ತದೆ. ಒಂದು ಕಡೆ 120 ತೋರಿಸಿ, ಒಂದು ಗೇಣು ಆಚೆ 900 ತೋರಿಸಿದರೆ ಅಲ್ಲಿ ಏನಾಗಿತ್ತು ಅಂತ ಕೇಳಿ.

ಆಮೇಲೆ ಬೆರಳ ಗೆಣ್ಣಿನಿಂದ ತಟ್ಟಿ. ನಾನು ಒಮ್ಮೆ ನೋಡಿದ ಗಾಲ್ಫ್ ಕಾರು ಶೋರೂಮಿನಿಂದ ಈಗ ಬಂದಂತಿತ್ತು. ಕೆಂಪು ಪೇಂಟಿನಲ್ಲಿ ಮುಖ ಕಾಣುತ್ತಿತ್ತು. ಬಾಗಿಲ ಕೆಳಗಿನ ಸಿಲ್ ಮೇಲೆ ಮುಂದಿನಿಂದ ತಟ್ಟುತ್ತಾ ಬಂದೆ. ಟಣ್, ಟಣ್, ಟಣ್. ಹಿಂದಿನ ಚಕ್ರಕ್ಕೆ ಒಂದು ಗೇಣು ಇರುವಾಗ ಸದ್ದು ದಬ್ ಅಂತ ಬದಲಾಯಿತು. ಆಯಸ್ಕಾಂತ ಇಟ್ಟರೆ ಅಲ್ಲಿ ಅಂಟಲೇ ಇಲ್ಲ, ಜಾರಿತು. ಕಾರ್ಪೆಟ್ ಎತ್ತಿ ಒಳಗಿನಿಂದ ಬೆರಳು ಒತ್ತಿದರೆ ತಗಡು ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಮಾರುವವರು ಮಾತೇ ಆಡಲಿಲ್ಲ. ಹೊರಗೆ ನಾಲ್ಕು ಪದರ ಪುಟ್ಟಿ, ಒಳಗೆ ಖಾಲಿ. ಆ ಸಿಲ್ ಕಾರಿನ ಬೆನ್ನುಮೂಳೆ ಇದ್ದಂತೆ ಭಾರ ಹೊರುವ ಭಾಗ. ಅದನ್ನು ಸರಿಯಾಗಿ ಕತ್ತರಿಸಿ ಹೊಸ ತಗಡು ಹಾಕುವ ಕೂಲಿ, ಎರಡೂ ಕಡೆ ಸೇರಿದರೆ, ಕಾರಿನ ಬೆಲೆಯ ದೊಡ್ಡ ಪಾಲನ್ನೇ ತಿನ್ನುತ್ತದೆ.

ಪ್ರತಿ ಮಾಡೆಲ್‌ಗೂ ಅದರದೇ ಆದ ರೋಗ ಇರುತ್ತದೆ. ಮಾರ್ಕ್ 1 ಗಾಲ್ಫ್‌ನಲ್ಲಿ ಪೆಟ್ರೋಲ್ ಹಾಕುವ ಕೊಳವೆ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಆ ಪುಡಿ ಟ್ಯಾಂಕಿಗೆ ಬಿದ್ದು, ಅಲ್ಲಿಂದ ಎಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಕೆ-ಜೆಟ್ರಾನಿಕ್ ಇಂಜೆಕ್ಷನ್‌ಗೆ ಹೋಗಿ ಕಟ್ಟಿಕೊಳ್ಳುತ್ತದೆ. ಎಂಜಿನ್ ಮಿಸ್ ಹೊಡೆಯುತ್ತದೆ, ಮಾಲೀಕರು ಸುಮ್ನೆ ಪ್ಲಗ್ ಬದಲಾಯಿಸುತ್ತಾ ಕೂರುತ್ತಾರೆ. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ವಿಂಡ್‌ಸ್ಕ್ರೀನ್ ಸುತ್ತ, ಬ್ಯಾಟರಿ ಕೂರುವ ತಟ್ಟೆಯ ಕೆಳಗೂ ನೋಡಿ.

ಪೂಜೋ 205 ಜಿಟಿಐ ಆದರೆ ಹಿಂದೆ ಹೋಗಿ ನೆಲಕ್ಕೆ ಕುಕ್ಕರಗಾಲಲ್ಲಿ ಕೂರಿ. ಹಿಂದಿನ ಚಕ್ರಗಳ ಮೇಲ್ಭಾಗ ಒಳಕ್ಕೆ ವಾಲಿ, ಕೆಳಭಾಗ ಹೊರಕ್ಕೆ ಚಾಚಿದೆಯಾ? ಹಾಗಿದ್ದರೆ ಹಿಂದಿನ ಆಕ್ಸಲ್‌ನ ನೀಡಲ್ ಬೇರಿಂಗ್ ಹೋಗಿದೆ. ಸೀಲ್ ಹರಿದು ನೀರು ಸೇರಿ ಬೇರಿಂಗ್ ತುಕ್ಕಾಗುತ್ತದೆ, ಆಮೇಲೆ ಅದು ತಿರುಗುವ ಶಾಫ್ಟನ್ನೂ ತಿನ್ನುತ್ತದೆ. ಬೇಗ ಕಂಡರೆ ಬೇರಿಂಗ್ ಮಾತ್ರ, ತಡವಾದರೆ ಪೂರ್ತಿ ಆಕ್ಸಲ್ ಬಿಚ್ಚಿ ರೀಕಂಡೀಷನ್. ಲ್ಯಾನ್ಸಿಯಾ ಡೆಲ್ಟಾದ ಇಂಟೆಗ್ರಾಲೆ ಮಾಡೆಲ್‌ನಲ್ಲಿ ವಿಂಡ್‌ಸ್ಕ್ರೀನ್ ಕಂಬ ಛಾವಣಿಗೆ ಸೇರುವ ಕಡೆ ಬಿರುಕು ಹುಡುಕಿ. ಎಲ್ಲ ಹಳೆಯ ಕಾರಿನಲ್ಲೂ ಹಿಂದಿನ ಚಕ್ರದ ಕಮಾನು, ಡಿಕ್ಕಿಯ ನೆಲ, ಜಾಕ್ ಇಡುವ ಜಾಗ ನೋಡಲೇಬೇಕು.

ಎಂಜಿನ್

ಬರುವ ಮುಂಚೆ ಸ್ಟಾರ್ಟ್ ಮಾಡಿಡಬೇಡಿ ಅಂತ ಫೋನಿನಲ್ಲೇ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣನೆ ಎಂಜಿನ್ ಸ್ಟಾರ್ಟ್ ಆಗುವಾಗಲೇ ನಿಜ ಹೊರಗೆ ಬರುವುದು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಇಡಿ. ಟೈಮಿಂಗ್ ಬೆಲ್ಟ್ ಯಾವ ವರ್ಷ ಬದಲಾಯಿಸಿದ್ದು ಅಂತ ಬಿಲ್ ಕೇಳಿ. ಕಾರು ಓಡದೆ ನಿಂತಿದ್ದರೂ ಬೆಲ್ಟಿಗೆ ವಯಸ್ಸಾಗುತ್ತದೆ. ಉಳಿದ ಎಂಜಿನ್ ಕೆಲಸ ಒಳ್ಳೆಯ ಮೆಕ್ಯಾನಿಕ್‌ಗೆ ಬಿಡಿ.

ಒರಿಜಿನಲ್ ಹೌದೋ ಅಲ್ಲವೋ

ಹಾಟ್ ಹ್ಯಾಚ್ ಅಂದರೆ ಸಾಮಾನ್ಯ ಕಾರಿನ ಬಾಡಿಯೊಳಗೆ ಜೋರಾದ ಎಂಜಿನ್. ಹಾಗಾಗಿ ಸಾಮಾನ್ಯ ಮಾಡೆಲ್‌ಗೆ ಬ್ಯಾಡ್ಜ್ ಅಂಟಿಸಿ ಮಾರುವುದು ಸುಲಭ. ಚಾಸಿ ನಂಬರ್, ಎಂಜಿನ್ ನಂಬರ್, ನೋಂದಣಿ ಪತ್ರ ಮೂರನ್ನೂ ಅಕ್ಷರ ಅಕ್ಷರ ತಾಳೆ ನೋಡಿ. ಚಾಸಿ ನಂಬರಿನ ಸುತ್ತ ಹೊಸ ವೆಲ್ಡಿಂಗ್ ಕಂಡರೆ ಚೌಕಾಸಿಗೂ ನಿಲ್ಲದೆ ಹೊರಡಿ.

ಮಾಡೆಲ್‌ನ ಗುರುತುಗಳನ್ನು ಮೊದಲೇ ಓದಿಕೊಂಡಿರಿ. ಪೂಜೋ 205ರ 1.9 ಲೀಟರ್ ಜಿಟಿಐಗೆ ಹಿಂದೆಯೂ ಡಿಸ್ಕ್ ಬ್ರೇಕ್, 15 ಇಂಚಿನ ಚಕ್ರ. 1.6ಕ್ಕೆ ಹಿಂದೆ ಡ್ರಮ್, ಚಕ್ರ 14 ಇಂಚು. 1.9 ಅಂತ ಹೇಳಿ ಹಿಂದೆ ಡ್ರಮ್ ಕಂಡರೆ ವಿಷಯ ಮುಗಿಯಿತು.

ಹಿಂದಿನ ಮಾಲೀಕರು ಪ್ರೀತಿಯಿಂದ ಹಾಕಿಸಿದ ದೊಡ್ಡ ಟರ್ಬೊ, ಕತ್ತರಿಸಿದ ಸ್ಪ್ರಿಂಗ್, ಬೇರೆ ಸ್ಟೀರಿಂಗ್ ಎಲ್ಲ ಓಡಿಸಲು ಮಜಾ ಕೊಡಬಹುದು. ಬಂಡವಾಳದ ದೃಷ್ಟಿಯಿಂದ ಮಾತ್ರ ಅವು ಬೆಲೆ ಇಳಿಸುತ್ತವೆ. ತೆಗೆದ ಒರಿಜಿನಲ್ ಭಾಗ ಇನ್ನೂ ಇದೆಯಾ ಅಂತ ಕೇಳಿ. ಇದ್ದರೆ ಅದನ್ನೂ ಸೇರಿಸಿಯೇ ವ್ಯವಹಾರ ಮಾತಾಡಿ. ಸೀಟಿನ ಬಟ್ಟೆ ಬಗ್ಗೆ ವಿಶೇಷ ಗಮನ ಕೊಡಿ. ಮಾರ್ಕ್ 1 ಜಿಟಿಐನ ಆ ಚೌಕಳಿ ಬಟ್ಟೆ, ಇಕೆ9ನ ಕೆಂಪು ರೆಕಾರೊ ಸೀಟು, ಇವನ್ನು ಹರಿದ ಮೇಲೆ ಹುಡುಕುವುದು ಗೇರ್‌ಬಾಕ್ಸ್ ಹುಡುಕುವುದಕ್ಕಿಂತ ಕಷ್ಟ. ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಕೂಡ ಹಾಗೇ.

ಕಿಲೋಮೀಟರ್ ಕಡಿಮೆ ಅಂತ ಹೇಳಿದರೆ ಹಳೆಯ ತಪಾಸಣೆ ಪತ್ರ, ಸರ್ವಿಸ್ ಬಿಲ್‌ಗಳ ಮೇಲೆ ಬರೆದ ಕಿಲೋಮೀಟರ್ ಸಾಲಾಗಿ ಏರಿದೆಯಾ ನೋಡಿ. ಪೆಡಲ್ ರಬ್ಬರ್, ಸ್ಟೀರಿಂಗ್ ಅಂಚು, ಡ್ರೈವರ್ ಸೀಟಿನ ಬದಿ ಸವೆದಿದ್ದರೆ ಮೀಟರ್ ಏನೇ ಹೇಳಲಿ, ಕಾರು ಓಡಿದೆ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಯನ್ನೂ ಓದಿ: 2314 ಅಂದರೆ 2014ರ 23ನೇ ವಾರ ತಯಾರಾದ ಟೈರು. ಟೈರಿನ ಮೇಲಿನ ಗೀರು ಎಷ್ಟೇ ಆಳ ಇರಲಿ, ಅಷ್ಟು ಹಳೆಯದನ್ನು ಬದಲಾಯಿಸುವ ಖರ್ಚು ನಿಮ್ಮದೇ.

ಕೊಂಡ ಮೇಲೆ

ಕವರ್ ಹಾಕಿ ಮೂಲೆಯಲ್ಲಿ ನಿಲ್ಲಿಸಿದರೆ ಕಾರು ಉಳಿಯುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಸೀಲ್ ಒಣಗುತ್ತದೆ, ಬ್ರೇಕ್ ಹಿಡಿದುಕೊಳ್ಳುತ್ತದೆ, ಪೆಟ್ರೋಲ್ ಹಳಸುತ್ತದೆ. ತಿಂಗಳಿಗೆ ಒಂದೆರಡು ಸಲ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ. ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಒಳ್ಳೆಯದಕ್ಕಿಂತ ಕೆಟ್ಟದ್ದೇ ಮಾಡುತ್ತದೆ, ಸೈಲೆನ್ಸರ್ ಒಳಗೆ ನೀರು ಉಳಿದು ತುಕ್ಕಾಗುತ್ತದೆ. ಎಥೆನಾಲ್ ಬೆರೆಸಿದ ಪೆಟ್ರೋಲ್ ಹಳೆಯ ರಬ್ಬರ್ ಪೈಪನ್ನು ಹಾಳು ಮಾಡುತ್ತದೆ. ಮೊದಲ ತಿಂಗಳಲ್ಲೇ ಅವನ್ನು ಎಥೆನಾಲ್ ತಡೆಯುವ ಪೈಪಿಗೆ ಬದಲಾಯಿಸಿಬಿಡಿ. ಇದು ಕಡಿಮೆ ಖರ್ಚಿನ ಕೆಲಸ, ಬಿಟ್ಟರೆ ಬೆಂಕಿಯ ಭಯ. ಇನ್ಶೂರೆನ್ಸನ್ನು ಮಾರುಕಟ್ಟೆ ಬೆಲೆಯ ಬದಲು ಮೊದಲೇ ಒಪ್ಪಿಕೊಂಡ ಬೆಲೆಗೆ ಮಾಡಿಸಲು ಆಗುತ್ತದಾ ಕೇಳಿ. ಇಂಥ ಕಾರು ಕಳ್ಳರಿಗೂ ಇಷ್ಟ.

ಮಾಡಿಸಿದ ಪ್ರತಿ ಕೆಲಸದ ಬಿಲ್ ಇಟ್ಟುಕೊಳ್ಳಿ. ವೆಲ್ಡಿಂಗ್ ಮಾಡಿಸಿದರೆ ಕತ್ತರಿಸುವ ಮುಂಚೆ, ಹೊಸ ತಗಡು ಕೂರಿಸಿದಾಗ, ಪ್ರೈಮರ್ ಹೊಡೆದಾಗ ಫೋಟೊ ತೆಗೆದಿಡಿ. ನಾನು ಕೆಲಸ ಮಾಡಿಕೊಟ್ಟ ಕಾರುಗಳಲ್ಲಿ ಈ ಫೋಟೊ ಇರುವವು ಬೇಗ ಮಾರಾಟವಾಗಿವೆ, ಕೊಳ್ಳುವವರು ಚೌಕಾಸಿಯನ್ನೂ ಕಡಿಮೆ ಮಾಡಿದ್ದಾರೆ. ಮಾರುವ ದಿನ ಎಂಜಿನ್ ತಣ್ಣಗಿಟ್ಟು, ಆ ಫೈಲನ್ನು ಸೀಟಿನ ಮೇಲಿಟ್ಟು, ಸಿಲ್ ತಟ್ಟಿ ನೋಡಿ ಅಂತ ನೀವೇ ಹೇಳಿ.