ಪ್ರಶ್ನೆ ನನ್ನದು, ಎತ್ತಂಗಡಿ ಅವರದು

ಸದನದಲ್ಲಿ ನಾನು ಕೇಳಿದ ಪ್ರಶ್ನೆಗಳಲ್ಲಿ ಒಂದು ಇವತ್ತಿಗೂ ನನ್ನನ್ನು ಕಾಡುತ್ತದೆ. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ತಾರೀಕು, ಸಮಯ, ಠಾಣೆ, ಎಲ್ಲ ಸರಿಯಾಗಿತ್ತು. ಅಷ್ಟು ಸರಿಯಾಗಿದ್ದದ್ದೇ ಒಬ್ಬ ಮನುಷ್ಯನಿಗೆ ಮುಳುವಾಯಿತು.

ಆಗ ನಾವು ವಿರೋಧ ಪಕ್ಷದಲ್ಲಿದ್ದೆವು. ಒಂದು ಸಂಜೆ ಒಬ್ಬ ಹೆಡ್ ಕಾನ್‌ಸ್ಟೆಬಲ್ ಮಫ್ತಿಯಲ್ಲಿ ಮನೆಗೆ ಬಂದರು. ಕಾಫಿ ಕೊಟ್ಟರೂ ಮುಟ್ಟಲಿಲ್ಲ. ಅಂಗಿಯ ಒಳಗಿನಿಂದ ನಾಲ್ಕು ಮಡಿಕೆ ಮಾಡಿದ ಎರಡು ಜೆರಾಕ್ಸ್ ಹಾಳೆ ತೆಗೆದು ಟೀಪಾಯಿ ಮೇಲಿಟ್ಟರು. ಠಾಣಾ ದಿನಚರಿಯ ಪುಟಗಳು. ಒಂದು ರಾತ್ರಿ ಇಬ್ಬರು ಹುಡುಗರನ್ನು ಹಿಡಿದು ತಂದು ಬೆಳಗಿನ ತನಕ ಕೂರಿಸಿ ಹೊಡೆದಿದ್ದರು. ದಿನಚರಿಯಲ್ಲಿ ಅವರ ಹೆಸರೇ ಇರಲಿಲ್ಲ. "ಸರ್, ನನಗೂ ಆ ವಯಸ್ಸಿನ ಮಗ ಇದ್ದಾನೆ" ಅಂದರು. ಅಷ್ಟೇ.

ನಾನು ಉತ್ಸಾಹದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ, ಹಾಕಿದೆ. ಇಂಥ ತಾರೀಕಿನ ರಾತ್ರಿ ಇಂಥ ಠಾಣೆಯಲ್ಲಿ ಎಷ್ಟು ಜನರನ್ನು ಇಟ್ಟುಕೊಳ್ಳಲಾಗಿತ್ತು, ದಿನಚರಿಯಲ್ಲಿ ಯಾಕೆ ಬರೆದಿಲ್ಲ ಅಂತ. ಸದನದಲ್ಲಿ ಗದ್ದಲವಾಯಿತು, ಪೇಪರ್‌ನಲ್ಲೂ ಬಂತು. ನಾಲ್ಕನೇ ದಿನ ಅವರ ಫೋನು. "ಸರ್, ಪ್ರಶ್ನೆ ಚೆನ್ನಾಗಿತ್ತು. ಆದರೆ ಅವತ್ತು ರಾತ್ರಿ ಡ್ಯೂಟಿಯಲ್ಲಿ ಇದ್ದದ್ದು ಮೂರೇ ಜನ." ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಜಾಸ್ತಿ ನೋವಾಯಿತು. ಆ ವಾರವೇ ಅವರನ್ನು ಓಓಡಿ, ಅಂದರೆ ಬೇರೆ ಕಡೆಯ ಕೆಲಸಕ್ಕೆ ನಿಯೋಜನೆ, ಅಂತ ದೂರದ ಜಿಲ್ಲೆಗೆ ಹಾಕಿದ್ದರು. ಮಕ್ಕಳ ಪರೀಕ್ಷೆಗೆ ಎರಡು ತಿಂಗಳಿತ್ತು.

ಸದನದಲ್ಲಿ ಆಡಿದ ಮಾತಿಗೆ ಶಾಸಕನನ್ನು ಯಾವ ಕೋರ್ಟೂ ಕೇಳುವಂತಿಲ್ಲ. ಸಂವಿಧಾನದ 194ನೇ ವಿಧಿ ನನ್ನನ್ನು ಕಾಯುತ್ತದೆ. ಆ ಮಾತಿಗೆ ಆಧಾರ ಕೊಟ್ಟವರನ್ನು ಕಾಯುವವರು ಯಾರು? ಆ ರಾತ್ರಿಯಿಂದ ನಾನು ಕಾನೂನು ಪುಸ್ತಕ ಹಿಡಿದು ಕೂತೆ.

ಅಕ್ರಮ ಬಯಲು ಮಾಡುವವರನ್ನು ಕಾಪಾಡಲು ದೇಶದಲ್ಲಿ ಒಂದು ಕಾಯ್ದೆ ಇದೆ, ವಿಷಲ್ ಬ್ಲೋವರ್ಸ್ ಸಂರಕ್ಷಣಾ ಕಾಯ್ದೆ ಅಂತ. ಸಂಸತ್ತು ಒಪ್ಪಿ, 2014ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿದ್ದಿದೆ. ದೂರು ಕೊಟ್ಟವರ ಹೆಸರು ಹೊರಗೆ ಹಾಕಿದವರಿಗೆ ಮೂರು ವರ್ಷದವರೆಗೆ ಜೈಲು ಅಂತಲೂ ಅದರಲ್ಲಿ ಬರೆದಿದೆ. ಆದರೆ ಅದನ್ನು ಜಾರಿಗೆ ತರುವ ಅಧಿಸೂಚನೆಯನ್ನು ಕೇಂದ್ರ ಸರ್ಕಾರ ಹೊರಡಿಸಲೇ ಇಲ್ಲ. 2015ರಲ್ಲಿ ಅದಕ್ಕೆ ತಿದ್ದುಪಡಿ ತರಲು ಹೊರಟರು. ಲೋಕಸಭೆ ಒಪ್ಪಿತು, ರಾಜ್ಯಸಭೆಯಲ್ಲಿ ನಿಂತುಹೋಯಿತು. ಈ ಕಾಯ್ದೆಯ ಹಿಂದೆ ಜೀವಗಳು ಹೋಗಿವೆ ಅನ್ನೋದನ್ನು ಮರೆಯಬಾರದು. ಹೆದ್ದಾರಿ ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಪತ್ರ ಬರೆದ ಎಂಜಿನಿಯರ್ ಸತ್ಯೇಂದ್ರ ದುಬೆ, ನನ್ನ ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರ ಕೊಲೆಯಾಯಿತು. ಎರಡು ವರ್ಷ ಕಳೆಯುವುದರೊಳಗೆ ನಮ್ಮ ಕೆಜಿಎಫ್‌ನ ಹುಡುಗ ಮಂಜುನಾಥ್ ಷಣ್ಮುಗಂ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕೊಲೆಯಾದರು. ಕಲಬೆರಕೆ ಮಾಡುತ್ತಿದ್ದ ಪೆಟ್ರೋಲ್ ಬಂಕ್ ಮುಚ್ಚಿಸಿದ್ದೇ ಅವರ ತಪ್ಪು.

ಪೊಲೀಸರ ಮಟ್ಟಿಗೆ ಇನ್ನೂ ಒಂದು ಕಟ್ಟು ಇದೆ. ಪೊಲೀಸರ ಹಕ್ಕುಗಳಿಗೆ ಮಿತಿ ಹಾಕುವ 1966ರ ಕಾಯ್ದೆ ಪ್ರಕಾರ ಅವರು ಅನುಮತಿಯಿಲ್ಲದೆ ಪತ್ರಿಕೆಗಳ ಜೊತೆ ಮಾತಾಡುವಂತಿಲ್ಲ, ಸಂಘ ಕಟ್ಟುವಂತಿಲ್ಲ. ಒಳಗಿನ ತಪ್ಪನ್ನು ಮೇಲಿನವರಿಗೇ ಹೇಳಬೇಕು. ತಪ್ಪು ಮೇಲಿನವರದೇ ಆಗಿದ್ದರೆ?

ಹಾಗಾಗಿ ನಾನು ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪು ಹಿಡಿದುಕೊಂಡೆ. ಪೊಲೀಸ್ ಇಲಾಖೆಯಲ್ಲೇ ಡಿಜಿಪಿ ಆಗಿದ್ದವರು ಪೊಲೀಸ್ ಸುಧಾರಣೆ ಕೋರಿ 1996ರಲ್ಲಿ ಹಾಕಿದ ಅರ್ಜಿ ಅದು. 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ಏಳು ನಿರ್ದೇಶನ ಕೊಟ್ಟಿತು. ಏಳನ್ನೂ ಸದನದಲ್ಲಿ ಒಟ್ಟಿಗೆ ಎತ್ತಿದರೆ ಭಾಷಣವಾಗುತ್ತದೆ, ಉತ್ತರ ಬರುವುದಿಲ್ಲ. ನಾನು ಒಂದನ್ನೇ ಆರಿಸಿಕೊಂಡೆ: ಪೊಲೀಸ್ ಸಿಬ್ಬಂದಿ ಮಂಡಳಿ. ಡಿವೈಎಸ್‌ಪಿ ಮತ್ತು ಅದಕ್ಕಿಂತ ಕೆಳಗಿನವರ ವರ್ಗಾವಣೆ ತೀರ್ಮಾನಿಸಬೇಕಾದ್ದು ಈ ಮಂಡಳಿ. ಸರ್ಕಾರ ಅದರ ತೀರ್ಮಾನ ಬದಲಿಸಬಹುದು, ಆದರೆ ಅಪರೂಪದ ಸಂದರ್ಭದಲ್ಲಿ ಮಾತ್ರ. ಅದೂ ಕಾರಣ ಬರೆದಿಟ್ಟ ಮೇಲೆ.

ಕಾರಣ ಬರೆದಿಡಬೇಕು. ನನಗೆ ಬೇಕಾಗಿದ್ದ ಕೊಂಡಿ ಇದೇ. ಕಾರಣ ಬರೆದಿದ್ದರೆ ಕಾಗದ ಇರಬೇಕು. ಇಲ್ಲ ಅಂದರೆ, ಇಲ್ಲ ಅಂತ ಸದನಕ್ಕೆ ಉತ್ತರ ಕೊಡಬೇಕು. ಎರಡರಲ್ಲಿ ಯಾವುದು ಬಂದರೂ ನಮಗೆ ಸಾಕು. ಇದಕ್ಕೆ ಯಾವ ಕಾನ್‌ಸ್ಟೆಬಲ್ಲೂ ನನ್ನ ಮನೆ ಬಾಗಿಲಿಗೆ ಬರಬೇಕಾಗಿಲ್ಲ.

ಪ್ರಶ್ನೆ ಬರೆಯುವ ರೀತಿಯನ್ನೂ ಬದಲಿಸಿದೆ. ಒಂದು ಠಾಣೆ ಅಂತ ಕೇಳೋದು ಬಿಟ್ಟೆ. ಎಲ್ಲ ಜಿಲ್ಲೆ, ಮೂರು ವರ್ಷ, ಅವಧಿ ಮುಗಿಯುವ ಮುಂಚೆ ವರ್ಗವಾದ ಪ್ರತಿಯೊಬ್ಬರ ಪಟ್ಟಿ. ಓಓಡಿ ಮೇಲೆ ಹೋದವರನ್ನೂ ಸೇರಿಸಿ ಅಂತ ಬಿಡಿಸಿ ಬರೆದೆ. ಕಾಗದದ ಮೇಲೆ ಓಓಡಿ ವರ್ಗಾವಣೆ ಅಲ್ಲವಲ್ಲ, ಆ ಸಂದಿಯಲ್ಲೇ ಜಾಸ್ತಿ ಜನ ಕಾಣೆಯಾಗೋದು. ಯಾರಾದರೂ ಕಾಗದ ತಂದುಕೊಟ್ಟರೆ ಅಲ್ಲೇ ಓದಿ ವಾಪಸ್ ಕೊಡುತ್ತಿದ್ದೆ, ನನ್ನ ಹತ್ತಿರ ಇಟ್ಟುಕೊಳ್ಳುತ್ತಿರಲಿಲ್ಲ. ಅದೇ ಮಾಹಿತಿಗೆ ಆರ್‌ಟಿಐ ಅರ್ಜಿ ಹಾಕಿಸುತ್ತಿದ್ದೆ. ಅರ್ಜಿದಾರರು ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ, ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಆ ಉತ್ತರ ಕೈಗೆ ಬಂದ ಮೇಲೇ ಸದನದಲ್ಲಿ ಬಾಯಿ ಬಿಡುತ್ತಿದ್ದೆ. ತಡ ಆಗುತ್ತಿತ್ತು. ಒಂದು ಅಧಿವೇಶನ ಕೈತಪ್ಪುತ್ತಿತ್ತು. ತಪ್ಪಲಿ.

ಠಾಣೆಯಲ್ಲಿ ಹೊಡೆದ ದೂರು ಬಂದರೆ ಮೊದಲು ಸಿಸಿ ಟಿವಿ ಕೇಳುತ್ತೇನೆ. ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ಕಡಿಮೆ ಅಂದರೂ ಒಂದು ವರ್ಷದ ದೃಶ್ಯ ಉಳಿಸಬೇಕು ಅಂತ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ಯಾಮೆರಾ ಸಾಕ್ಷಿ ಹೇಳಿದರೆ ಮನುಷ್ಯರು ಬಚಾವ್.

ಪ್ರಶ್ನೆ ಹಾಕುವ ಮೊದಲು ಇನ್ನೊಂದು ಕೆಲಸ ಇತ್ತು. ನಾವು ಅಧಿಕಾರದಲ್ಲಿದ್ದಾಗ ನಾನೂ ಮಿನಿಟ್, ಅಂದರೆ ವರ್ಗಾವಣೆಯ ಶಿಫಾರಸು ಪತ್ರ, ಕೊಟ್ಟಿದ್ದೆ. ಇಂಥ ಪಿಎಸ್‌ಐ ನನ್ನ ಕ್ಷೇತ್ರಕ್ಕೆ ಬೇಕು, ಇಂಥವರನ್ನು ತೆಗೆಯಿರಿ ಅಂತ. ಹಳೇ ಫೈಲು ತೆಗೆಸಿ ಒಂದೊಂದನ್ನೂ ಓದಿದೆ. ನನ್ನದೇ ಸಹಿ. ಕಾರಣದ ಜಾಗದಲ್ಲಿ ಏನೂ ಇಲ್ಲ. ಚರ್ಚೆಯ ದಿನ ಸಚಿವರು ಎದ್ದು "ತಾವೂ ಮಿನಿಟ್ ಕೊಟ್ಟವರೇ ಅಲ್ವಾ?" ಅಂದರು. "ಹೌದು, ಕೊಟ್ಟಿದ್ದೇನೆ. ತಪ್ಪು ಮಾಡಿದ್ದೇನೆ. ಕಡತಕ್ಕೆ ಹೋಗಲಿ. ಈಗ ನನ್ನ ಪ್ರಶ್ನೆಗೆ ಉತ್ತರ ಕೊಡಿ" ಅಂದೆ. ನಮ್ಮ ಪಕ್ಷದ ಬೆಂಚಿನಲ್ಲೇ ಕೆಲವರಿಗೆ ಇರುಸುಮುರುಸಾಯಿತು. ಆದರೆ ಆಮೇಲೆ ಸಚಿವರಿಗೆ ಆಡಲು ಬೇರೆ ಮಾತು ಉಳಿಯಲಿಲ್ಲ.

ರಕ್ಷಣೆ ವಿಷಯಕ್ಕೆ ಬಂದಾಗ "ಅದು ಕೇಂದ್ರದ ಕಾಯ್ದೆ" ಅಂತ ಕೈ ತೊಳೆದುಕೊಳ್ಳಲು ನೋಡಿದರು. ಈ ಉತ್ತರ ಬರುತ್ತದೆ ಅಂತ ಗೊತ್ತಿತ್ತು. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಪೊಲೀಸ್ ಇರೋದು ರಾಜ್ಯ ಪಟ್ಟಿಯಲ್ಲಿ. ಒಳಗಿನ ತಪ್ಪು ಹೇಳಿದವರನ್ನು ಆ ದೂರಿನ ತನಿಖೆ ಮುಗಿಯುವ ತನಕ ವರ್ಗ ಮಾಡಬೇಡಿ ಅಂತ ಒಂದು ಸುತ್ತೋಲೆ ಹೊರಡಿಸಲು ದೆಹಲಿ ಯಾಕೆ ಬೇಕು? ಅಧಿಸೂಚನೆ ಹೊರಡಿಸಿ ಅಂತ ಕೇಂದ್ರವನ್ನು ಒತ್ತಾಯಿಸುವ ಖಾಸಗಿ ನಿರ್ಣಯವನ್ನೂ (ಸಚಿವರಲ್ಲದ ಸದಸ್ಯರು ತರುವ ನಿರ್ಣಯ) ಕೊಟ್ಟೆ. ಅದು ಚರ್ಚೆಗೆ ಬರಲೇ ಇಲ್ಲ. ಸುತ್ತೋಲೆ ಬಗ್ಗೆ "ಪರಿಶೀಲಿಸಲಾಗುವುದು" ಅಂದರು.

ವರ್ಗಾವಣೆ ಪ್ರಶ್ನೆಗೆ ಮಾತ್ರ ಉತ್ತರ ಬಂತು, ದಪ್ಪ ಅನುಬಂಧದ ಜೊತೆ. ಕಾರಣದ ಕಾಲಂನಲ್ಲಿ ಪುಟದ ಮೇಲೆ ಪುಟ ಒಂದೇ ಮಾತು: "ಆಡಳಿತಾತ್ಮಕ ಕಾರಣ". ರಾತ್ರಿ ಕೂತು ನಾನು, ನನ್ನ ಆಪ್ತ ಸಹಾಯಕ ಹೈಲೈಟರ್ ಹಿಡಿದು ಒಂದೊಂದು ಸಾಲೂ ನೋಡಿದೆವು. ಮಧ್ಯದಲ್ಲೆಲ್ಲೋ ಅವರ ಸಾಲು ಬಂತು. ಹೆಡ್ ಕಾನ್‌ಸ್ಟೆಬಲ್, ಹಳೆಯ ಠಾಣೆ, ಹೊಸ ಜಿಲ್ಲೆ, ಆಡಳಿತಾತ್ಮಕ ಕಾರಣ. ಹುಡುಗ ಹೈಲೈಟರ್ ಎತ್ತಿದ. "ಬೇಡಪ್ಪ" ಅಂದೆ. ಅದರ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಬಣ್ಣ ಹಾಕಿ, ಆ ಒಂದು ಸಾಲನ್ನು ಹಾಗೇ ಬಿಟ್ಟು ಮುಂದಿನ ಪುಟಕ್ಕೆ ಹೋದೆವು.