ಸಿಮೆಂಟು ಕಡಿಮೆ ಮಾಡುವುದೇ ನನ್ನ ಕಸುಬು

ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ ಪರಿಸರಸ್ನೇಹಿ ಕಟ್ಟಡ ಅಂದ ಕೂಡಲೇ ಜನರ ಕಣ್ಣ ಮುಂದೆ ಬರುವುದು ಮಣ್ಣಿನ ಗೋಡೆ, ಬಿದಿರು, ಮೇಲೆ ಮಂಗಳೂರು ಹಂಚು. ನಾನು ಸ್ಟ್ರಕ್ಚರಲ್ ಇಂಜಿನಿಯರ್, ನನ್ನ ಆಫೀಸು ನಡೆಯುವುದು ಅದರಿಂದ ಅಲ್ಲ. ಎಲ್ಲರೂ ಕಟ್ಟಿಸುವಂಥ ಆರ್‌ಸಿಸಿ ಮನೆ, ಗೋಡೌನು, ಸಣ್ಣ ಅಪಾರ್ಟ್‌ಮೆಂಟು, ಇವುಗಳಲ್ಲಿ ಸುಮ್ನೆ ಸೇರಿಕೊಂಡ ಕಾಂಕ್ರೀಟು, ಕಬ್ಬಿಣ ತೆಗೆಯುವುದು ನನ್ನ ಕೆಲಸ. ಕೇಳಲಿಕ್ಕೆ ಸಪ್ಪೆ ಅನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. ಕೋಣೆಗಳು 12-13 ಅಡಿಯವಾಗಿದ್ದರೆ 5 ಇಂಚಿನ ಸ್ಲ್ಯಾಬ್ ಸಾಕು. ಆದರೂ 6 ಇಂಚು ಹಾಕುತ್ತಾರೆ. ಸಾವಿರ ಚದರಡಿಗೆ ಆ ಒಂದು ಇಂಚು ಅಂದರೆ ಸುಮಾರು 2.4 ಘನ ಮೀಟರ್ ಕಾಂಕ್ರೀಟು, ಮನೆಗಳಿಗೆ ಸಾಮಾನ್ಯವಾಗಿ ಹಾಕುವ ಎಂ20 ಮಿಕ್ಸಿನಲ್ಲಿ ಹತ್ತಿರ ಹತ್ತಿರ 15 ಚೀಲ ಸಿಮೆಂಟು, ತೂಕದಲ್ಲಿ 6 ಟನ್. ಆ 6 ಟನ್ ಹೊರಲಿಕ್ಕೆ ಮತ್ತೆ ಬೀಮು, ಕಾಲಂ, ಪಾಯಾ ಎಲ್ಲ ದಪ್ಪ ಆಗಬೇಕು.

ಸಿಮೆಂಟಿನ ತೊಂದರೆ ಬರೀ ಕಲ್ಲಿದ್ದಲಿನದಲ್ಲ. ಸುಣ್ಣದ ಕಲ್ಲು ಕಾದಾಗ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ, ಭಟ್ಟಿಗೆ ಯಾವ ಉರುವಲು ಹಾಕಿದರೂ ಅದು ತಪ್ಪುವುದಿಲ್ಲ. ಹಾಗಾಗಿ ಬೇಕಿಲ್ಲದ ಸಿಮೆಂಟು ಬಳಸದೇ ಇರುವುದು ಎಲ್ಲಕ್ಕಿಂತ ಸೋವಿ ದಾರಿ.

ನಾನು ಓದಿದ್ದು ವಿದ್ಯಾನಗರದ ಬಿವಿಬಿ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಈಗ ಅದು ಕೆಎಲ್ಇ ಟೆಕ್ನಾಲಾಜಿಕಲ್ ಯೂನಿವರ್ಸಿಟಿ. ಆಮೇಲೆ ಬೆಂಗಳೂರಿನಲ್ಲಿ ಒಂದು ಕನ್ಸಲ್ಟೆನ್ಸಿ ಸೇರಿ ಎತ್ತರದ ಅಪಾರ್ಟ್‌ಮೆಂಟುಗಳ ಡಿಸೈನ್ ಮಾಡಿದೆ. ಎಟ್ಯಾಬ್ಸ್ ಅನ್ನುವ ಡಿಸೈನ್ ಸಾಫ್ಟ್‌ವೇರ್ ಚೆನ್ನಾಗಿ ಬಂತು. ಆದರೆ ಸೈಟಿನಲ್ಲಿ ಗೌಂಡಿ ಏನು ಮಾಡುತ್ತಾನೆ, ಉಸುಕಿನಲ್ಲಿ ಎಷ್ಟು ನೀರಿದೆ, ಇವೆಲ್ಲ ಗೊತ್ತಾಗಿದ್ದು ಊರಿಗೆ ಬಂದ ಮೇಲೆ.

ಇಲ್ಲಿ ಮೊದಲು ಪಾಠ ಹೇಳುವುದು ಮಣ್ಣು. ಧಾರವಾಡದ ಪಶ್ಚಿಮಕ್ಕೆ ಅಳ್ನಾವರ, ಕಲಘಟಗಿ ಕಡೆ ಹೋದರೆ ಕೆಂಪು ಮಣ್ಣು. ಹುಬ್ಬಳ್ಳಿ ದಾಟಿ ನವಲಗುಂದ, ಅಣ್ಣಿಗೇರಿ, ಗದಗ ಕಡೆ ತಿರುಗಿದರೆ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಇದಕ್ಕೆ ಹೆದರಿ ಜನ ದೊಡ್ಡ ದೊಡ್ಡ ಗುಂಡಿ ತೋಡಿ, ಲಾರಿಗಟ್ಟಲೆ ಗರಸು ತುಂಬಿ, ಅದರ ಮೇಲೆ ಮಂಚದಷ್ಟು ಅಗಲದ ಫೂಟಿಂಗ್ ಹಾಕುತ್ತಾರೆ. ಇದಕ್ಕೆ ಪರಿಹಾರ ಹೊಸದೇನಲ್ಲ, ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆ ಸಿಬಿಆರ್‌ಐ ಬಹಳ ಹಿಂದೆಯೇ ನೆಲದೊಳಗೆ ಇಳಿಸುವ, ತಳ ಉಬ್ಬಿದ ಕಾಂಕ್ರೀಟ್ ಕಂಬವನ್ನು ಅಂಡರ್-ರೀಮ್ಡ್ ಪೈಲ್ ಅಂತ ಮಾಡಿಕೊಟ್ಟಿದೆ, ಭಾರತೀಯ ಮಾನಕ ಐಎಸ್ 2911ರ ಮೂರನೇ ಭಾಗದಲ್ಲಿ ಎಲ್ಲ ವಿವರ ಇದೆ. ಸುಮಾರು 3.5 ಮೀಟರ್ ಆಳದ ರಂಧ್ರ, ಯಾಕಂದರೆ ಅದರ ಕೆಳಗೆ ಮಣ್ಣಿನ ತೇವ ಋತುವಿಗೆ ತಕ್ಕಂತೆ ಅಷ್ಟು ಬದಲಾಗುವುದಿಲ್ಲ. ತಳದಲ್ಲಿ ಪೈಲಿನ ವ್ಯಾಸದ ಎರಡೂವರೆ ಪಟ್ಟು ಅಗಲದ ಗಡ್ಡೆ. ಮೇಲಿನ ಬೀಮು ನೆಲಕ್ಕೆ ತಾಗದಂತೆ 80 ಮಿಲಿಮೀಟರ್ ಸಂದು ಬಿಡಬೇಕು, ಮಣ್ಣು ಉಬ್ಬಿದರೆ ಆ ಸಂದಿನೊಳಗೇ ಉಬ್ಬಲಿ ಅಂತ. 300 ಮಿಲಿಮೀಟರ್ ವ್ಯಾಸದ ಪೈಲ್ ಒಂದಕ್ಕೆ ಅರ್ಧ ಘನ ಮೀಟರ್ ಕಾಂಕ್ರೀಟೂ ಬೇಡ. ಈ ಕಡೆ ನನಗೆ ಹೆಸರು ತಂದುಕೊಟ್ಟಿದ್ದು ಇದೇ, ಗ್ರೀನ್ ಅನ್ನುವ ಶಬ್ದ ಅಲ್ಲ.

ಇನ್ನು ಸಿಮೆಂಟಿನ ಆಯ್ಕೆ. ಹಾರುಬೂದಿ ಬೆರೆಸಿದ ಪಿಪಿಸಿ, ಕಬ್ಬಿಣ ಕರಗಿಸುವಾಗ ಉಳಿಯುವ ಸ್ಲ್ಯಾಗ್ ಬೆರೆಸಿದ ಪಿಎಸ್‌ಸಿ ಎರಡೂ ನಮ್ಮಲ್ಲಿ ಸುಲಭವಾಗಿ ಸಿಗುತ್ತವೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸ್ಲ್ಯಾಗು, ರಾಯಚೂರು, ಬಳ್ಳಾರಿ ಥರ್ಮಲ್ ಸ್ಟೇಷನ್ನುಗಳ ಬೂದಿ, ಎರಡೂ ನಮ್ಮ ಆಚೀಚಿನ ಜಿಲ್ಲೆಗಳವೇ. ಸ್ಲ್ಯಾಗ್ ಸಿಮೆಂಟಿನಲ್ಲಿ ಶೇ 70ರವರೆಗೂ ಸ್ಲ್ಯಾಗ್ ಇರಬಹುದು, ಸುಣ್ಣದ ಕಲ್ಲು ಸುಟ್ಟು ಮಾಡುವ ಕ್ಲಿಂಕರ್ ಅಷ್ಟು ಕಡಿಮೆ. ಆದರೆ ಇದು ಗಟ್ಟಿಯಾಗುವುದು ನಿಧಾನ, ಸೆಂಟ್ರಿಂಗ್‌ನವನಿಗೆ ಪ್ಲೇಟು ಬೇಗ ಬೇಕು, ಜಗಳ ಶುರುವಾಗುವುದು ಅಲ್ಲೇ. ಕಾಂಕ್ರೀಟಿನ ಕೋಡ್ ಐಎಸ್ 456 ಪ್ರಕಾರ ಸ್ಲ್ಯಾಬಿಗೆ 4.5 ಮೀಟರ್ ಸ್ಪ್ಯಾನಿನವರೆಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಊರುಗೋಲು ತೆಗೆಯುವಂತಿಲ್ಲ, ಅದೂ ಏನೂ ಬೆರೆಸದ ಸಾದಾ ಸಿಮೆಂಟು ಓಪಿಸಿಗೆ. ಬೆರಕೆ ಸಿಮೆಂಟಿಗೆ ನಾನು ಇನ್ನೂ ಜಾಸ್ತಿ ದಿನ ಬರೆದುಕೊಡುತ್ತೇನೆ. ನೀರುಣಿಸುವುದೂ ಕನಿಷ್ಠ 10 ದಿನ, ಏಪ್ರಿಲ್ ಬಿಸಿಲಿನಲ್ಲಿ 14. ಇದನ್ನು ಗುತ್ತಿಗೆ ಕರಾರಿನಲ್ಲೇ ಹಾಕಿಸಿ, ಸೈಟಿನಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ.

ಎಲ್ಲಕ್ಕಿಂತ ಕಷ್ಟ ಕಬ್ಬಿಣದ ಮಾತು. 2019ರ ಮಾರ್ಚಿನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಜನ ಸತ್ತರು. ಅದಾದ ಮೇಲೆ ಮಾಲೀಕರು ಡ್ರಾಯಿಂಗ್ ನೋಡಿ ಮೊದಲು ಕೇಳುವುದು ಇದನ್ನೇ: "ಸರ್, ಕಬ್ಬಿಣ ಕಡಿಮಿ ಆಗಂಗಿಲ್ಲೇನ್ರಿ?" ಅವರ ಭಯ ಸುಳ್ಳಲ್ಲ, ನಾನು ನಗುವುದಿಲ್ಲ. ಕಾಗದ ತೆಗೆದು ಕಾಲಂ ಮೇಲಿನ ಭಾರ ಎಷ್ಟು, ಅದು ಎಷ್ಟು ಹೊರುತ್ತದೆ ಅಂತ ಅವರ ಮುಂದೆಯೇ ಬರೆದು ತೋರಿಸುತ್ತೇನೆ. ಆಮೇಲೆ ಸರಳುಗಳ ಸುತ್ತ ಕಟ್ಟುವ ರಿಂಗಿನ ಕೊಕ್ಕೆ 135 ಡಿಗ್ರಿ ಒಳಗೆ ಬಾಗಿದೆಯೇ, ಸರಳು ಅಚ್ಚಿಗೆ ತಾಗದಂತೆ ಇಡುವ ಕವರ್ ಬ್ಲಾಕ್ ಇದೆಯೇ, ಕಾಂಕ್ರೀಟಿಗೆ ಮೇಲಿಂದ ನೀರು ಸುರಿದರೇ ಅಂತ ನೋಡುವುದನ್ನು ಅವರಿಗೇ ಕಲಿಸುತ್ತೇನೆ. ನೀರು ಜಾಸ್ತಿಯಾದ ಕಾಂಕ್ರೀಟಿಗೆ ಇನ್ನೆರಡು ಸರಳು ತುರುಕಿದರೆ ಏನೂ ಬದಲಾಗುವುದಿಲ್ಲ. ಸರಳು ಒತ್ತೊತ್ತಾದರೆ ಖಡಿ ಇಳಿಯದೇ ಒಳಗೆ ಪೊಳ್ಳು ಬೇರೆ ಉಳಿಯುತ್ತದೆ.

ಇನ್ನೊಂದು, ಯಾರೂ ಬಾಯಿಬಿಟ್ಟು ಹೇಳದ ವಿಷಯ. ಮಟೀರಿಯಲ್ ಸಮೇತ ಗುತ್ತಿಗೆ ಹಿಡಿದವರಿಗೆ ಕಾಂಕ್ರೀಟು ಜಾಸ್ತಿಯಾದಷ್ಟೂ ಬಿಲ್ಲು ಜಾಸ್ತಿ. ಡಿಸೈನ್ ಮಾಡುವ ನಮಗೆ ಸಿಗುವುದು ಚದರಡಿಗೆ ಇಷ್ಟು ಅಂತ. ನಾಲ್ಕು ಸಲ ಲೆಕ್ಕ ಹಾಕಿ ತೂಕ ಇಳಿಸಿದರೂ ಅಷ್ಟೇ, ಹಳೇ ಡ್ರಾಯಿಂಗ್ ಕಾಪಿ ಹೊಡೆದರೂ ಅಷ್ಟೇ. ಅದಕ್ಕೇ ನಾನು ಕಾಂಟ್ರ್ಯಾಕ್ಟರ್ ಮೂಲಕ ಬರುವ ಕೆಲಸ ಬಿಟ್ಟು, ನೇರ ಮಾಲೀಕರ ಜೊತೆ ಮಾತಾಡಲು ಶುರು ಮಾಡಿದೆ. ಅವರ ಹತ್ತಿರ ಮೊದಲೇ ಇರುವ ಡ್ರಾಯಿಂಗಿನ ಸಿಮೆಂಟು, ಕಬ್ಬಿಣ ಎಷ್ಟು, ನನ್ನದರಲ್ಲಿ ಎಷ್ಟು ಅಂತ ಒಂದು ಎಕ್ಸೆಲ್ ಹಾಳೆ ಕೊಡುತ್ತೇನೆ. ಫೀಸು ಬೇರೆಯವರಿಗಿಂತ ಜಾಸ್ತಿ, ಅದನ್ನೂ ಅದೇ ಹಾಳೆಯಲ್ಲಿ ಬರೆಯುತ್ತೇನೆ. ಮೊದಮೊದಲು ಬಹಳ ಜನ ತಿರುಗಿ ಬರಲಿಲ್ಲ. ಒಂದು ಗೋಡೌನ್ ಮಾಲೀಕರು ಒಪ್ಪಿದ ಮೇಲೆ ಅವರ ಬೀಗರು, ಅವರ ಪಾಲುದಾರರು ಅಂತ ಸಾಲು ಹತ್ತಿತು.

ಮಣ್ಣಿನ ಬ್ಲಾಕಿನ ಮನೆಯನ್ನೂ ಮಾಡುತ್ತೇನೆ, ಮಣ್ಣು ಒಪ್ಪಿದರೆ ಮಾತ್ರ. ಕೆಂಪು ಮಣ್ಣಿಗೆ ಉಸುಕೋ ಕ್ವಾರಿ ಪುಡಿಯೋ ಬೆರೆಸಿ, ಶೇ 7ರಷ್ಟು ಸಿಮೆಂಟು ಹಾಕಿ ಒತ್ತಿದರೆ ಒಳ್ಳೆಯ ಬ್ಲಾಕ್ ಬರುತ್ತದೆ. ಎರೆ ಮಣ್ಣಿನಲ್ಲಿ ಆ ಆಸೆ ಬೇಡ.

ಕೋರ್ಸಿನ ಬಗ್ಗೆ ಎರಡು ಮಾತು. ಹಸಿರು ಕಟ್ಟಡಗಳ ಮಂಡಳಿ ಐಜಿಬಿಸಿಯ ಪರೀಕ್ಷೆ ಬರೆದರೆ ಬೆಂಗಳೂರು, ಪುಣೆಯಲ್ಲಿ ಕೆಲಸಕ್ಕೆ ಅನುಕೂಲ. ಹುಬ್ಬಳ್ಳಿಯಲ್ಲಿ ನನ್ನನ್ನು ಯಾರೂ ಆ ಸರ್ಟಿಫಿಕೇಟು ಕೇಳಿಲ್ಲ. ಮಣ್ಣಿನ ಕೆಲಸ ಕೈಯಾರೆ ಕಲಿಯಬೇಕಿದ್ದರೆ ಆರೋವಿಲ್ ಅರ್ಥ್ ಇನ್‌ಸ್ಟಿಟ್ಯೂಟಿನಲ್ಲಿ ಸಣ್ಣ ತರಬೇತಿಗಳಿವೆ. ಐಎಸ್ ಕೋಡುಗಳು ಭಾರತೀಯ ಮಾನಕ ಸಂಸ್ಥೆ ಬಿಐಎಸ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಡೌನ್‌ಲೋಡ್ ಮಾಡಿ ಓದಿ. ನನ್ನ ಹತ್ತಿರ ಕೆಲಸ ಕೇಳಿ ಬಂದವರಿಗೆ ಸಾದಾ ಎರಡಂತಸ್ತಿನ ಮನೆಯ ಡ್ರಾಯಿಂಗ್ ಕೊಟ್ಟು, ಕಂಪ್ಯೂಟರ್ ಮುಟ್ಟದೇ ಒಂದು ಕಾಲಮ್ಮಿನ ಮೇಲೆ ಎಷ್ಟು ಭಾರ ಬರುತ್ತದೆ ಹೇಳಿ ಅನ್ನುತ್ತೇನೆ. ಹತ್ತಿರದ ಉತ್ತರ ಹೇಳಿದವರನ್ನು ಮರುದಿನವೇ ಸೈಟಿಗೆ ಕಳಿಸುತ್ತೇನೆ.